ಜಮಖಾನದ ಕೆಳಗಿನ ಬಿಸಿ

ಈ ಸಭೆಯ ಅಧ್ಯಕ್ಷರಾದ ಶ್ರೀ ಚಿತ್ರಲಿಂಗಪ್ಪನವರೇ, ಈಗಷ್ಟೇ ಶಾಲು ಹೊದ್ದು ಪೇಟ ತೊಟ್ಟು ಕುಳಿತಿರುವ ದಾನಿಗಳೂ ಕಾರ್ಖಾನೆಯ ಮಾಲೀಕರೂ ಆದ ಶ್ರೀ ಈರಬಸಪ್ಪನವರೇ, ತಾಲ್ಲೂಕಿನಿಂದ ದಯಮಾಡಿಸಿರುವ ಅಧಿಕಾರಿಗಳೇ, ಹೊಸ ಜಮಖಾನದ ಮೇಲೆ ಕಾಲು ಮಡಚಿ ಕುಳಿತಿರುವ ನಮ್ಮೂರಿನ ಸಭಿಕರೇ, ತಾಯಂದಿರೇ, ಮಕ್ಕಳೇ,

1999ನೇ ಇಸವಿಯ ಜನವರಿಯಲ್ಲಿ, ಸಂಕ್ರಾಂತಿ ರಜೆ ಕಳೆದು ಬಾಗಿಲು ತೆರೆದ ದಿನ, ಈ ಊರಿನ ಅಂಗನವಾಡಿಯಲ್ಲಿ ಆಯಾ ತಿಪ್ಪಮ್ಮ ಸುಟ್ಟುಕೊಂಡಳು. ಅವಳ ಅಜಾಗರೂಕತೆಯಿಂದ ಸೀಮೆಎಣ್ಣೆ ಸ್ಟೌವ್ ಸಿಡಿಯಿತು ಎಂದು ಸರ್ಕಾರದ ವರದಿ ಹೇಳಿತು. ಅದೇ ವರದಿಯ ಮೇಲೆ ಅವಳನ್ನು ಕೆಲಸದಿಂದಲೂ ತೆಗೆದರು. ಆ ವರದಿ ಸುಳ್ಳು. ಸುಳ್ಳು ಎಂದು ಈ ವೇದಿಕೆಯ ಮೇಲಿರುವವರಲ್ಲಿ ಕೆಲವರಿಗೆ ಗೊತ್ತು. ಏಳು ವರ್ಷವಾಯಿತು, ಯಾರೂ ಬಾಯಿ ಬಿಟ್ಟಿಲ್ಲ.

ಸಮುದಾಯ ಭವನದ ಉದ್ಘಾಟನೆಯ ಶುಭ ದಿನದಲ್ಲಿ ಈ ಮಾತೇಕೆ ಎಂದು ಕೇಳುತ್ತೀರಿ. ನನ್ನನ್ನು ಕರೆದದ್ದು ದಾನಿಗಳನ್ನು ಕುರಿತು ಐದು ನಿಮಿಷ ನಾಲ್ಕು ಒಳ್ಳೆಯ ಮಾತು ಆಡಲು. ಬರೆದುಕೊಂಡೂ ಬಂದಿದ್ದೆ. ಆ ಹಾಳೆ ಜೇಬಿನಲ್ಲಿದೆ, ಅಲ್ಲೇ ಇರಲಿ. ಈ ಟವೆಲಿನ ಗಂಟನ್ನು ನೋಡಿ ಅಧ್ಯಕ್ಷರು, ದಾನಿಗಳಿಗೆ ಉಡುಗೊರೆ ತಂದಿರಬೇಕು ಎಂದುಕೊಂಡು ನಕ್ಕರು. ಉಡುಗೊರೆಯೇ. ಬಿಚ್ಚುವ ಹೊತ್ತು ಬರುತ್ತದೆ.

ಇವತ್ತು ಬೆಳಿಗ್ಗೆ ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಇನ್ನೂ ಜಮಖಾನ ಹಾಸಿರಲಿಲ್ಲ. ಇದು ಕಡಪ ಕಲ್ಲಿನ ನೆಲ. ಪುಷ್ಯ ಮಾಸದ ಬೆಳಗಿನಲ್ಲಿ ಕಡಪ ಕಲ್ಲು ಹೇಗಿರಬೇಕು? ಅಂಗಾಲು ಜುಮ್ಮೆಂದು ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು. ನನ್ನ ಕಾಲು ಹಿಂದಕ್ಕೆ ಬರಲಿಲ್ಲ. ನೆಲ ಬೆಚ್ಚಗಿತ್ತು. ಬಾಣಂತಿಯ ಕೋಣೆಯಲ್ಲಿ ಕೆಂಡ ಇಟ್ಟು ತೆಗೆದ ಜಾಗದಷ್ಟು ಬೆಚ್ಚಗೆ. ಸೂರ್ಯ ಇನ್ನೂ ಆ ಮೂಲೆಗೆ ಬಂದಿರಲಿಲ್ಲ, ಒಲೆ ಹೊರಗೆ ಶಾಮಿಯಾನದ ಹಿಂದೆ ಇದೆ. ಹಾಗಾದರೆ ಆ ಬಿಸಿ ಎಲ್ಲಿಯದು?

ನನ್ನ ಜೊತೆ ತಿಪ್ಪಮ್ಮನೂ ಬಂದಿದ್ದಳು. ಅವಳ ಅಂಗೈಗಳಿಗೆ ಏಳು ವರ್ಷದಿಂದ ಬಿಸಿ ತಂಪು ತಿಳಿಯುವುದಿಲ್ಲ. ಪಾದಗಳಿಗೆ ತಿಳಿಯುತ್ತದೆ. ಒಂದು ಹೆಜ್ಜೆ ಇಟ್ಟಳು, ನನ್ನ ಮುಖ ನೋಡಿದಳು, ಮೆಟ್ಟಿಲಿಳಿದು ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಈಗಲೂ ಅಲ್ಲೇ ನಿಂತಿದ್ದಾಳೆ. ಕಿಟಕಿಯಿಂದ ನೋಡಿದರೆ ಕಾಣುತ್ತಾಳೆ.

ಕಿಟಕಿ ಎಂದಾಗ ನೆನಪಾಯಿತು. ಜ್ಯೋತಿ ಬೆಳಗಿಸುವ ಮುಂಚೆ ನಾನು ಒಂದೊಂದೇ ಕಿಟಕಿ ತೆಗೆಯುತ್ತ ಓಡಾಡಿದ್ದನ್ನು ನೀವೆಲ್ಲ ನೋಡಿದಿರಿ. ನಮ್ಮ ಓಬಳೇಶ್ ಕೇಳಿದ, "ಪೋಸ್ಟ್ ಮೇಷ್ಟ್ರೇ, ಈ ಚಳ್ಯಾಗೂ ಸೆಕೆ ಆಗ್ತೈತೇನ್ರಿ? ಮದುವೆ ಗಂಡು ಬೆವತಂಗೆ ಬೆವೀತಿದೀರ." ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ದೀಪಕ್ಕೆ ಬೆಂಕಿ ತಗುಲಿದಾಗ ನೀವು ಚಪ್ಪಾಳೆ ತಟ್ಟಿದಿರಿ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಭಕ್ತಿಯಿಂದಲ್ಲ.

ಮಹನೀಯರೇ, ಹೊಸ ತಲೆಮಾರಿನವರಿಗೆ ಹಳೆಯದು ತಿಳಿದಿರಬೇಕು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಈರಬಸಪ್ಪನವರ ಕಾರ್ಖಾನೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಲ್ಲಿ ಕಬ್ಬಿಣದ ಅದಿರನ್ನು ಕರಗಿಸದೆ, ಕಲ್ಲಿದ್ದಲಿನ ಜೊತೆ ಸುಟ್ಟು, ಸ್ಪಂಜಿನ ಹಾಗೆ ತೂತು ತೂತಾದ ಕಬ್ಬಿಣ ಮಾಡುತ್ತಾರೆ. ದಪ್ಪ ತುಂಡುಗಳು ಲಾರಿಯಲ್ಲಿ ಹೊರಟು ಹೋಗುತ್ತವೆ. ಮಾರಾಟವಾಗದ ಕಪ್ಪು ಪುಡಿ ಗುಡ್ಡೆಯಾಗಿ ಉಳಿಯುತ್ತದೆ.

ಅದೇ ಕಾಲಕ್ಕೆ ನಮ್ಮೂರಿಗೆ ಅಂಗನವಾಡಿ ಕಟ್ಟಡ ಮಂಜೂರಾಯಿತು. ಪಾಯದೊಳಕ್ಕೆ ತುಂಬಲು ಗ್ರಾವಲ್ ಮಣ್ಣು ಬೇಕಿತ್ತು. ಗುಡ್ಡದ ಗ್ರಾವಲ್ ಮುಟ್ಟಬೇಡಿ ಎಂದು ಅರಣ್ಯದವರು ಅಡ್ಡ ನಿಂತರು. ಆಗ ಈರಬಸಪ್ಪನವರು ದೊಡ್ಡ ಮನಸ್ಸು ಮಾಡಿ ಟ್ರ್ಯಾಕ್ಟರುಗಟ್ಟಲೆ ಕಪ್ಪು ಪುಡಿಯನ್ನು ಧರ್ಮಕ್ಕೆ ಕಳಿಸಿದರು. ಅವರಿಗೆ ಗುಡ್ಡೆ ಕರಗಿತು, ನಮಗೆ ಪಾಯ ತುಂಬಿತು. ಎರಡೂ ಕಡೆಯವರು ಕೈ ಮುಗಿದುಕೊಂಡೆವು.

ನಮ್ಮ ಮೇಸ್ತ್ರಿ ಗೊಲ್ಲಪ್ಪ ಮಾಡಿದ್ದು ಈ ಸೀಮೆಯ ಮೇಸ್ತ್ರಿಗಳೆಲ್ಲ ಮಾಡುವುದನ್ನೇ. ತುಂಬಿದ ಪಾಯಕ್ಕೆ ಕೊಳವೆ ಬಾವಿಯಿಂದ ನೀರು ಬಿಟ್ಟ, ನೆನೆಸಿದ, ದಿಮ್ಮಿಸು ಹಾಕಿ ಗುದ್ದಿಸಿದ, ಮತ್ತೆ ನೀರು ಬಿಟ್ಟ. ನಮ್ಮ ಕೊಳವೆ ಬಾವಿಯ ನೀರು ನಿಮಗೆ ಗೊತ್ತಿದೆ. ಕೊಡದ ಒಳಗೆ ಬಿಳಿ ಪೊರೆ ಕಟ್ಟುವ ಉಪ್ಪು ನೀರು. ಮಾರನೆಯ ದಿನ ಬೆಳಿಗ್ಗೆ ಪಾಯದಿಂದ ಸಣ್ಣಗೆ ಆವಿ ಏಳುತ್ತಿತ್ತು. ಗೊಲ್ಲಪ್ಪ ಬೀಡಿ ಕಚ್ಚಿಕೊಂಡು, "ಭೂಮ್ತಾಯಿ ಎಸರಿಗಿಟ್ಟವಳೆ ಕಣ್ರಲೇ, ಅಕ್ಕಿ ತರ್ರಿ" ಎಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಚಳಿಗಾಲದಲ್ಲಿ ಅಂಗನವಾಡಿಯ ನೆಲ ಊರಿನ ಸೌಭಾಗ್ಯವಾಯಿತು. ಮಕ್ಕಳು ಚಾಪೆ ಇಲ್ಲದೆ ಮಲಗಿ ನಿದ್ದೆ ಹೋಗುತ್ತಿದ್ದರು. ಮಧ್ಯಾಹ್ನ ಮಂಡಿನೋವಿನ ಮುದುಕಿಯರು ಬಂದು ಗೋಡೆಗೊರಗಿ ಕೂರುತ್ತಿದ್ದರು. ಅಧ್ಯಕ್ಷರ ತಾಯಿ, ಈಗಿಲ್ಲ, ಪುಣ್ಯಾತ್ಮರು, ದಿನವೂ ಕಾಲು ಚಾಚಿ ಕುಳಿತು, "ಒಲೆ ಮುಂದೆ ಕುಂತಂಗೈತೆ ನೋಡೇ ತಿಪ್ಪಿ, ಸೌದೆ ಖರ್ಚಿಲ್ಲ" ಎನ್ನುತ್ತಿದ್ದರು. ನೆಲದಲ್ಲಿ ದೇವಿಯ ಕಳೆ ಇದೆ ಎಂದು ಯಾರೋ ಅರಿಸಿನ ಕುಂಕುಮ ಇಟ್ಟೂ ಹೋದರು. ನಾನು ಹೊಸದುರ್ಗದ ಲೈಬ್ರರಿಯಿಂದ ಬಸ್ಸಿನಲ್ಲಿ ಪುಸ್ತಕ ಹೊತ್ತು ತಂದು ಓದುವವನು. ನನಗೂ ಅದು ವಿಚಿತ್ರ ಎನಿಸಿತೇ ಹೊರತು ಭಯ ಎನಿಸಲಿಲ್ಲ.

ಬೇಸಿಗೆ ಬಂದಾಗ ನೆಲದ ಬಿಸಿ ಹೆಚ್ಚಾಯಿತು. ಬಿಸಿಯಾದದ್ದಕ್ಕೆ ನಾವು ಏನು ಮಾಡುತ್ತೇವೆ? ನೀರು ಹಾಕುತ್ತೇವೆ. ತಿಪ್ಪಮ್ಮ ಬೆಳಿಗ್ಗೆ ಎರಡು ಕೊಡ ಉಪ್ಪು ನೀರು ಸುರಿದು ನೆಲ ತೊಳೆಯುವುದು, ಬಿರುಕಿನಲ್ಲಿ ನೀರು ಇಳಿಯುವುದು, ಅರ್ಧ ದಿನ ತಣ್ಣಗಿದ್ದು ಮತ್ತೆ ಬಿಸಿ ಏರುವುದು. ಮತ್ತೆ ನೀರು. ಬಿರುಕು ದೊಡ್ಡದಾದಾಗ ಗೊಲ್ಲಪ್ಪ ಸಿಮೆಂಟು ಮೆತ್ತಿದ. ನೆಲದ ಬಿರುಕೆಲ್ಲ ಮುಚ್ಚಿತು, ಗೋಡೆಯ ಬುಡದಲ್ಲಿ ಮಾತ್ರ ಸಣ್ಣ ಸಂದು ಉಳಿಯಿತು. ಚಳಿಗಾಲ ಬಂದಾಗ ಮಕ್ಕಳಿಗೆ ಗಾಳಿ ಬಡಿಯದಿರಲಿ ಎಂದು ಮೇಲಿನ ಗವಾಕ್ಷಿಗಳಿಗೆ ಗೋಣಿಚೀಲ ತುರುಕಿದೆವು. ಇದನ್ನೆಲ್ಲ ಪ್ರೀತಿಯಿಂದ ಮಾಡಿದೆವು, ಸಭಿಕರೇ.

ಸಂಕ್ರಾಂತಿ ರಜೆಗೆ ಮುಚ್ಚಿದ್ದ ಕೋಣೆಯ ಬಾಗಿಲನ್ನು ತಿಪ್ಪಮ್ಮ ತೆರೆದಳು. ಒಳಗೆ ಹೋಗಿ, ಚಳಿಗೆ ಬಾಗಿಲು ಮುಂದೆ ಮಾಡಿಕೊಂಡು, ಗಣಪತಿಯ ಪಟದ ಮುಂದೆ ಕಡ್ಡಿ ಗೀರಿದಳು. ಅಷ್ಟೇ. ಕೋಣೆ ಸಿಡಿದ ಸದ್ದು ನಾನು ಪೋಸ್ಟಾಫೀಸಿನಲ್ಲಿ ಮೊಹರು ಒತ್ತುತ್ತಿದ್ದಾಗ ಕೇಳಿಸಿತು. ಹಬ್ಬದ ಮರುದಿನಗಳ ಸೋಮಾರಿತನದಿಂದ ಮಕ್ಕಳು ಇನ್ನೂ ಬಂದಿರಲಿಲ್ಲ. ಆ ಸೋಮಾರಿತನಕ್ಕೆ ನಾನು ದಿನವೂ ಕೈ ಮುಗಿಯುತ್ತೇನೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವಳಿಗೆ ಮಾತು ಬಂದಾಗ ಮೊದಲು ಹೇಳಿದ್ದು ಇದು: "ಅಣ್ಣಾ, ನಾನು ಸ್ಟೌವ್ ಹಚ್ಚಿಲ್ಲ ಕಣಣ್ಣ. ಸ್ಟೌವು ನಿನ್ನತ್ರ ಐತಲ್ಲ. ದೀಪ ಹಚ್ಚಕ್ಕೆ ಹೋದೆ. ದೀಪ ಹಚ್ಚೋದೂ ತಪ್ಪೇನಣ್ಣ?"

ಅಣ್ಣಾ ಎಂದಳು ಎಂದುಬಿಟ್ಟೆ. ಹೌದು, ಗೊತ್ತಿಲ್ಲದವರಿಗೆ ತಿಳಿಯಲಿ, ತಿಪ್ಪಮ್ಮ ನನ್ನ ಒಡಹುಟ್ಟಿದ ತಂಗಿ. ಇದನ್ನು ಹೇಳಬಾರದು ಎಂದೇ ಮೇಲೆ ಬಂದೆ. ತಂಗಿಯ ಪರವಾಗಿ ಮಾತಾಡುತ್ತಾನೆ ಎಂದು ನೀವು ಕಿವಿ ಮುಚ್ಚಿಕೊಳ್ಳಬಾರದಲ್ಲ. ಬಾಯಿ ಕೇಳಲಿಲ್ಲ.

ಈಗ ಗಂಟು ಬಿಚ್ಚುತ್ತೇನೆ. ನೋಡಿ. ಇದು ಸೀಮೆಎಣ್ಣೆ ಸ್ಟೌವ್. ಅಂಗನವಾಡಿಯದು. ಬತ್ತಿ ಸುಟ್ಟುಹೋಗಿದೆ ಎಂದು ಹಬ್ಬದ ಮುಂಚೆ ನಾನೇ ಸೈಕಲ್ಲಿನಲ್ಲಿ ಮನೆಗೆ ತಂದಿದ್ದೆ. ಅಧಿಕಾರಿಗಳು ಸ್ಟೌವ್ ಸಿಡಿಯಿತು ಎಂದು ಪಂಚನಾಮೆ ಬರೆಯುತ್ತಿದ್ದಾಗ ಇದು ನಮ್ಮ ಮನೆಯ ಜಗಲಿಯ ಮೇಲೆ ನೆಟ್ಟಗೆ ನಿಂತಿತ್ತು. ಇದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಸ್ವಾಮಿ, ಸಿಡಿದ ಸ್ಟೌವ್ ಇದು, ಎಲ್ಲಿ ಸಿಡಿದಿದೆ ತೋರಿಸಿ ಎಂದೆ. ಆ ಮಹಾನುಭಾವರು ತಲೆ ಎತ್ತದೆ, "ಬೇರೆ ಸ್ಟೌವ್ ಇದ್ದಿರಬೇಕು ಬಿಡ್ರಿ" ಎಂದರು. ಆ ಬೇರೆ ಸ್ಟೌವನ್ನು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ.

ಸತ್ಯವನ್ನು ಅಳೆದು ತೋರಿಸಿದವರು ಒಬ್ಬರೇ. ಹೊಸದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಉಷಾರಾಣಿ ಮೇಡಂ. ಪತ್ರಿಕೆಯಲ್ಲಿ ಸುದ್ದಿ ಓದಿ, ಒಂದು ಭಾನುವಾರ ತಾವಾಗಿಯೇ ಬಸ್ಸಿಳಿದು ಬಂದರು. ನೆಲ ಮುಟ್ಟಿ ನೋಡಿದರು, ಬಿರುಕಿನಿಂದ ಕಪ್ಪು ಪುಡಿ ತೆಗೆದರು. ಮುಂದಿನ ಭಾನುವಾರ ಅರಳಿಕಟ್ಟೆಯ ಮೇಲೆ, ಊರಿನವರೆಲ್ಲರ ಮುಂದೆ, ಮೂರು ಫ್ಲಾಸ್ಕು ಜೋಡಿಸಿದರು. ಒಂದು ಅವರದು, ಒಂದು ನಮ್ಮ ಮನೆಯದು, ಮೂರನೆಯದು ಅಧ್ಯಕ್ಷರೇ, ನಿಮ್ಮ ಮನೆಯದು. ನೀವು ಹೊಲಕ್ಕೆ ಕಾಫಿ ಒಯ್ಯುತ್ತಿದ್ದ ಕೆಂಪು ಫ್ಲಾಸ್ಕು. ನೆನಪಿದೆಯೇ?

ಮೇಡಂ ಮೊದಲು ಮೂರಕ್ಕೂ ಬರೀ ಬಿಸಿನೀರು ಹಾಕಿ, ಥರ್ಮಾಮೀಟರು ಇಳಿಬಿಟ್ಟು, ಕಾಯುತ್ತ ಕುಳಿತರು. ಜನಕ್ಕೆ ತಾಳ್ಮೆ ಎಲ್ಲಿ? "ಮೇಡಮ್ಮಾರೇ, ಸುಮ್ನೆ ಬಿಸ್ನೀರು ಯಾಕೆ, ಕಾಫಿನಾದ್ರೂ ಹಾಕ್ರಿ" ಎಂದು ಕೂಗಿದರು. ಅವರು ನಗುತ್ತ ವಿವರಿಸಿದರು. ಥರ್ಮಾಮೀಟರು ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತದೆ, ಎಷ್ಟು ಶಾಖ ಹುಟ್ಟಿತು ಎಂದು ಹೇಳುವುದಿಲ್ಲ. ಫ್ಲಾಸ್ಕು ತಾನೇ ಒಂದಷ್ಟು ಶಾಖ ನುಂಗುತ್ತದೆ, ಒಂದಷ್ಟನ್ನು ಹೊರಗೆ ಬಿಡುತ್ತದೆ. ಅದರ ಪಾಲು ಎಷ್ಟೆಂದು ಮೊದಲು ತಿಳಿದುಕೊಂಡರೆ ಮಾತ್ರ ಪುಡಿಯ ಪಾಲು ಎಷ್ಟೆಂದು ನ್ಯಾಯವಾಗಿ ಹೇಳಬಹುದು. ಇಂಥ ನ್ಯಾಯವನ್ನು ನನ್ನ ತಂಗಿಯ ವಿಚಾರದಲ್ಲಿ ಯಾವ ಕಚೇರಿ ತೋರಿಸಿತು?

ಆಮೇಲೆ ನೀರು ಚೆಲ್ಲಿ, ಒಂದಕ್ಕೆ ಹೊಲದ ಮಣ್ಣು ಹಾಕಿ ನಮ್ಮ ಉಪ್ಪು ನೀರು ಚಿಮುಕಿಸಿದರು. ಎರಡನೆಯದಕ್ಕೆ ಕಪ್ಪು ಪುಡಿ ಹಾಕಿ ಬಟ್ಟಿ ಇಳಿಸಿದ ನೀರು. ಮೂರನೆಯದಕ್ಕೆ ಕಪ್ಪು ಪುಡಿ, ನಮ್ಮ ಉಪ್ಪು ನೀರು. ಬಿರಡೆಯಲ್ಲಿ ಗಾಳಿಗೆ ಸಣ್ಣ ದಾರಿ. ದನ ಮನೆಗೆ ಬರುವ ಹೊತ್ತಿಗೆ ಮಣ್ಣಿನ ಫ್ಲಾಸ್ಕು ಇದ್ದ ಹಾಗೇ ಇತ್ತು. ಎರಡನೆಯದು ನಿಧಾನವಾಗಿ ಏರಿತ್ತು. ಮೂರನೆಯದು ಸ್ನಾನದ ನೀರಿನಷ್ಟು ಬಿಸಿಯಾಗಿ, ಇನ್ನೂ ಏರುತ್ತಲೇ ಇತ್ತು.

ಮೇಡಂ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಟಾರ್ಚಿನ ಸೆಲ್ ನೋಡೀರಲ್ಲ, ಅದರಾಗೆ ನಡೆಯೋದೇ ಇಲ್ಲಿ ಒಂದೊಂದು ಕಬ್ಬಿಣದ ಕಣದ ಮೈಮೇಲೂ ನಡೀತೈತೆ. ಒಂದು ಕಡೆ ಕಬ್ಬಿಣ ಸವೀತಾ ಕರೆಂಟು ಬಿಡ್ತೈತೆ, ಪಕ್ಕದಾಗೇ ಗಾಳಿನೋ ನೀರೋ ಅದನ್ನ ತಗಂತೈತೆ. ಉಪ್ಪು ನೀರು ನಡುವೆ ದಾರಿ ಮಾಡಿಕೊಡ್ತೈತೆ. ಟಾರ್ಚಿನಾಗೆ ಅದು ಬೆಳಕಾಗಿ ಬರ್ತೈತೆ. ಇಲ್ಲಿ ಬಲ್ಬಿಲ್ಲ, ಎಲ್ಲಾ ಬಿಸಿಯಾಗೇ ಬರ್ತೈತೆ. ನೀವು ತಣ್ಣಗಾಗ್ಲಿ ಅಂತ ಹಾಕಿದ ನೀರೇ ಅದಕ್ಕೆ ಊಟ."

ಆಮೇಲೆ ಆ ಮೂರನೆಯ ಫ್ಲಾಸ್ಕಿನಿಂದ ಬಂದ ಗಾಳಿಯನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಮುಚ್ಚಿದ ಅಂಗನವಾಡಿಯಲ್ಲಿ ತುಂಬಿಕೊಂಡಿದ್ದದ್ದೂ ಇದೇ ಜಲಜನಕ ಎಂದು ಹೇಳಿ, ಕಡ್ಡಿ ಗೀರಿ ಕೊಳವೆಯ ಬಾಯಿಗೆ ಹಿಡಿದರು. ಪಟ್ ಎಂದಿತು. ಬೆರಳಷ್ಟು ಕೊಳವೆ, ಒಂದು ಚಿಟಿಕೆಯಷ್ಟು ಸದ್ದು. ಹುಡುಗರು ಕೇಕೆ ಹಾಕಿದರು. ಗುಂಪಿನ ಹಿಂದೆ ಕೈಗಳಿಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ತಿಪ್ಪಮ್ಮ ಮಾತ್ರ ಆ ಸದ್ದಿಗೆ ನೆಲಕ್ಕೆ ಕುಸಿದು ತಲೆಯನ್ನು ಮೊಣಕಾಲಿನೊಳಗೆ ಅಡಗಿಸಿಕೊಂಡಳು.

ಅಧ್ಯಕ್ಷರೇ, ಆವತ್ತು ನೀವು ನಿಮ್ಮ ಫ್ಲಾಸ್ಕಿನೊಳಗಿನ ಪುಡಿಗೆ ಬೆರಳಿಟ್ಟು, ಸರಕ್ಕನೆ ತೆಗೆದಿರಿ. ಬೆರಳು ಬಾಯಿಗಿಟ್ಟುಕೊಂಡೇ, "ಮೇಡಂ, ಇದನ್ನ ನಾನು ಬಿಡಾಕಿಲ್ಲ. ಜಿಲ್ಲೆವರ್ಗೂ ಹೋಗ್ತೀನಿ" ಎಂದಿರಿ. ಊರೆಲ್ಲ ಕೇಳಿಸಿಕೊಂಡಿತು. ಜಿಲ್ಲೆ ಇಲ್ಲಿಂದ ಅಷ್ಟು ದೂರವೇ, ಚಿತ್ರಲಿಂಗಪ್ಪನವರೇ? ಹಳೆಯ ಅಂಗನವಾಡಿಯನ್ನು ಸದ್ದಿಲ್ಲದೆ ಕೆಡವಿದಿರಿ. ಮೇಡಂಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅದು ಸಹಜವೋ ಅಲ್ಲವೋ ನಾನು ಹೇಳಲಾರೆ. ಕಾರ್ಖಾನೆಯಿಂದ ಊರಿಗೆ ಬೀದಿದೀಪ ಬಂತು, ನೀರಿನ ಟ್ಯಾಂಕು ಬಂತು, ಈಗ ಈ ಭವನ ಬಂತು. ತಿಪ್ಪಮ್ಮನ ಹೆಸರಿನ ಮೇಲಿನ ಮಸಿ ಮಾತ್ರ ಹಾಗೇ ಉಳಿಯಿತು.

ನನ್ನ ವಿಷಯ ಹೇಳಿದರೆ ನಗುತ್ತೀರಿ. ಏಳು ವರ್ಷದಿಂದ ನಾನು ಯಾರ ಮನೆಗೆ ಹೋದರೂ ಮೊದಲು ನೆಲಕ್ಕೆ ಅಂಗೈ ಹಿಂಭಾಗ ತಾಗಿಸಿ ನೋಡುತ್ತೇನೆ. ಬೀಗರ ಮನೆಯಲ್ಲಿ ಧೂಳು ನೋಡುತ್ತಿದ್ದೇನೆಂದು ತಿಳಿದು ಬೀಗಿತಿ ಮುನಿಸಿಕೊಂಡು ಪೊರಕೆ ತಂದರು. ಮುಚ್ಚಿದ ಕೋಣೆಯಲ್ಲಿ ನಾನು ಕಡ್ಡಿ ಗೀರುವುದಿಲ್ಲ. ಕರೆಂಟು ಹೋದರೆ ಕತ್ತಲಲ್ಲೇ ಕೂರುತ್ತೇನೆ. ನನ್ನ ಹೆಂಡತಿ ಎಷ್ಟೋ ಬಾರಿ, "ಗಂಡಸಾಗಿ ಬೆಂಕಿಪೊಟ್ಣಕ್ಕೆ ಹೆದರ್ತೀರಲ್ಲ" ಎಂದಿದ್ದಾಳೆ. ಹೆದರುತ್ತೇನೆ. ಈಗ, ಈ ಮೈಕು ಹಿಡಿದಿರುವ ಈ ಗಳಿಗೆಯಲ್ಲೂ ನನಗೆ ಹೆದರಿಕೆ.

ಈ ಭವನದ ಪಾಯ ತುಂಬುವಾಗ ನಾನು ಕಣ್ಣಿನ ಆಪರೇಷನ್ನಿಗೆಂದು ಚಿತ್ರದುರ್ಗದಲ್ಲಿ ಮಗಳ ಮನೆಯಲ್ಲಿದ್ದೆ. ಹಾಗಾಗಿ ಏನು ತುಂಬಿದರೆಂದು ನೋಡಿಲ್ಲ. ಇವತ್ತು ಬೆಳಿಗ್ಗೆ ನೆಲ ಮುಟ್ಟಿದವನು ನೇರ ಹೋಗಿ ಫೋನ್ ಬೂತಿನಿಂದ ಉಷಾರಾಣಿ ಮೇಡಂಗೆ ಫೋನ್ ಮಾಡಿದೆ. ಅವರು ಹೇಳಿದ್ದು ಎರಡು ಮಾತು. "ನೆಲ ಬೆಚ್ಚಗಿದ್ದ ಮಾತ್ರಕ್ಕೆ ಅದೇ ಅಂತ ಹೇಳಕ್ಕಾಗಲ್ಲ ಮೇಷ್ಟ್ರೇ, ತೆಗೆದು ನೋಡ್ಬೇಕು, ಅಳೀಬೇಕು. ಆದ್ರೆ ಮೊದ್ಲು ಎಲ್ಲಾ ಕಿಟಕಿ ತೆಗೆಸ್ರಿ, ಮುಚ್ಚಿದ ಕೋಣೆ ಇದ್ರೆ ಅಲ್ಲಿ ಬೆಂಕಿ ತಾಗಿಸಬ್ಯಾಡ್ರಿ."

ಅಲ್ಲಿಂದ ಬಂದು ಮೇಸ್ತ್ರಿ ಗೊಲ್ಲಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದೆ. ಈ ಭವನ ಕಟ್ಟಿದವನೂ ಅವನೇ. ಅವನು ನನ್ನ ಮುಖ ನೋಡದೆ, "ನನ್ನ ಕೇಳಬ್ಯಾಡ್ರಿ ಮೇಷ್ಟ್ರೇ. ಹೇಳೋರು ಸ್ಟೇಜ್ ಮ್ಯಾಲೆ ಕುಂತವ್ರೆ" ಎಂದ. ಗೊಲ್ಲಪ್ಪ, ಅಲ್ಲಿ ಕಂಬದ ಮರೆಗೆ ಯಾಕೆ ಸರಿಯುತ್ತೀಯಪ್ಪ? ಪ್ರಶ್ನೆ ನಿನಗಲ್ಲ.

ಆಮೇಲೆ ಅಧ್ಯಕ್ಷರ ಹತ್ತಿರವೂ ಹೋದೆ. ಕಿವಿಯಲ್ಲಿ ಹೇಳಿದೆ. ಅವರು ನನ್ನ ಭುಜ ತಟ್ಟಿ, "ಇವತ್ತು ಬ್ಯಾಡ ಮೇಷ್ಟ್ರೇ, ಎಲ್ಲಾ ಬಂದವ್ರೆ. ನಾಳೆ ಕುಂತು ಮಾತಾಡಾಣ" ಎಂದರು.

ನಾಳೆ! ನಾಳೆ ಸೋಮವಾರ. ನಾಳೆಯಿಂದ ಈ ಭವನದ ಹಿಂದಿನ ಕೋಣೆಯಲ್ಲಿ ಅಂಗನವಾಡಿ ನಡೆಯುತ್ತದೆ. ಆ ಕೋಣೆಗೆ ಒಂದು ವಾರದಿಂದ ಬೀಗ ಹಾಕಿದೆ. ಇರುವ ಒಂದೇ ಗವಾಕ್ಷಿಗೆ ಅಲಂಕಾರದ ಬಟ್ಟೆ ಹೊಡೆದಿದ್ದಾರೆ. ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯ ಕೊನೆಯ ಸಾಲು ನೋಡಿ. ನನ್ನ ಭಾಷಣ ಮುಗಿದ ಮೇಲೆ ದಾನಿಗಳು ಆ ಬಾಗಿಲು ತೆರೆಯುತ್ತಾರೆ, ಪುಟಾಣಿ ಮಕ್ಕಳು ದೀಪ ಹಚ್ಚುತ್ತಾರೆ. ನಾನು ಕುಳಿತ ಕೂಡಲೇ, ಸಭಿಕರೇ. ಅದಕ್ಕೇ ನಾನು ಕೂರುತ್ತಿಲ್ಲ. ಐದು ನಿಮಿಷ ಎಂದವನು ಇಷ್ಟು ಹೊತ್ತು ನಿಂತಿರುವುದು ಅದಕ್ಕೇ.

ನನ್ನ ಊಹೆ ತಪ್ಪಿರಬಹುದು. ತಪ್ಪಾಗಲಿ ಎಂದು ಹಾರೈಸುತ್ತೇನೆ. ಈ ನೆಲದ ಕೆಳಗೆ ಒಳ್ಳೆಯ ಗ್ರಾವಲ್ ಮಣ್ಣು ಇದ್ದರೆ, ಇದೇ ಜೇಬಿನ ಹಾಳೆ ತೆಗೆದು ಓದಿ, ದಾನಿಗಳ ಕಾಲಿಗೆ ಬಿದ್ದು ಹೋಗುತ್ತೇನೆ. ಗೊಲ್ಲಪ್ಪನ ಹಾರೆ ಹೊರಗೆ ಗೋಡೆಗೆ ಒರಗಿದೆ. ಒಂದು ಕಲ್ಲು ಎಬ್ಬಿಸಿದರೆ ಸಾಕು.

ತಾಯಂದಿರೇ, ಯಾರೂ ಓಡಬೇಡಿ. ಇಲ್ಲಿ ಕಿಟಕಿಗಳೆಲ್ಲ ತೆರೆದಿವೆ. ನೀವು ಕುಳಿತಲ್ಲೇ ಜಮಖಾನದ ಅಂಚು ಮಡಚಿ, ಕಲ್ಲಿಗೆ ಅಂಗೈ ಇಡಿ. ಇಟ್ಟಿರಾ? ಬೆಚ್ಚಗಿದೆಯಲ್ಲವೇ? ಈಗ ಮಕ್ಕಳ ಕೈ ಹಿಡಿದು, ನಿಧಾನವಾಗಿ, ಮುಂದಿನ ಬಾಗಿಲಿನಿಂದ ಹೊಂಗೆ ಮರದ ಹತ್ತಿರಕ್ಕೆ ಹೋಗಿ. ಅಲ್ಲಿ ತಿಪ್ಪಮ್ಮ ಇದ್ದಾಳೆ. ಅವಳು ನಿಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಹಿಂದೆಯೂ ನೋಡಿಕೊಂಡವಳೇ.

ಗಂಡಸರು ಇರಿ. ಅಧಿಕಾರಿಗಳೇ, ನೀವೂ ಇರಿ, ಜೀಪು ಎಲ್ಲಿಗೂ ಹೋಗುವುದಿಲ್ಲ. ಆ ಕೋಣೆಯ ಬೀಗದ ಕೈ ಬೆಳ್ಳಿತಟ್ಟೆಯಲ್ಲಿ ಹೂವಿನ ನಡುವೆ ಇತ್ತು. ಈಗ ಅದು ನನ್ನ ಮುಷ್ಟಿಯಲ್ಲಿದೆ. ಕ್ಷಮಿಸಬೇಕು, ಮೇಲೆ ಬರುವಾಗ ತೆಗೆದುಕೊಂಡೆ.

ಹೆದರಿದ ಮುದುಕನ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ ಹೇಳಿ ಮೈಕನ್ನು ಅಧ್ಯಕ್ಷರ ಮುಂದೆ, ಈ ಸ್ಟೌವಿನ ಪಕ್ಕದಲ್ಲಿ ಇಡುತ್ತಿದ್ದೇನೆ. ಚಿತ್ರಲಿಂಗಪ್ಪನವರೇ, ಈರಬಸಪ್ಪನವರೇ, ಕಿವಿಯಲ್ಲಿ ಬೇಡ, ನಾಳೆ ಬೇಡ, ಊರು ಕೇಳುವ ಹಾಗೆ ಈ ಮೈಕಿನಲ್ಲಿ ಹೇಳಿ: ಈ ನೆಲದ ಕೆಳಗೆ ಏನು ತುಂಬಿಸಿದ್ದೀರಿ?